ಡ್ರೋನ್ ಲೈಸೆನ್ಸ್ ತರಬೇತಿ: ಫೋನಿನಲ್ಲಿ ಎಷ್ಟು, ಬಯಲಿನಲ್ಲಿ ಎಷ್ಟು?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿಯವರು. ಸದಸ್ಯರಲ್ಲಿ ಹೆಚ್ಚಿನವರದು ಅಡಿಕೆ ತೋಟ, ಜೊತೆಗೆ ಸ್ವಲ್ಪ ಗದ್ದೆ. ಔಷಧಿ ಹೊಡೆಯಲು ಜನ ಸಿಗುತ್ತಿಲ್ಲ. ಹಾಗಾಗಿ ಹದಿನೈದು ಮಂದಿಗೆ ಡ್ರೋನ್ ಲೈಸೆನ್ಸ್ ಕೊಡಿಸಬೇಕೆಂದು ತೀರ್ಮಾನಿಸಿದ್ದೇವೆ. ಅದರಲ್ಲಿ ಐದು ಮಂದಿ ಸ್ವಸಹಾಯ ಸಂಘದ ಮಹಿಳೆಯರು. ಒಬ್ಬರು ‘ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಸಿಕೊಡುತ್ತೇವೆ’ ಅನ್ನುತ್ತಾರೆ. ಇನ್ನೊಬ್ಬರು ಬೆಂಗಳೂರಿಗೆ ಬಂದು ಉಳಿಯಲೇಬೇಕು ಅನ್ನುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಗಳ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಯಾವುದನ್ನು ಆನ್‌ಲೈನ್ ಮಾಡಬಹುದು, ಯಾವುದಕ್ಕೆ ಹೋಗಲೇಬೇಕು? ಕಂಪನಿಯಿಂದ ಔಷಧಿ ಅಂಗಡಿ ತೆರೆಯುವ ಯೋಚನೆಯೂ ಇದೆ. ಅದಕ್ಕೂ ಇದೇ ಲೈಸೆನ್ಸ್ ಸಾಕೇ?

ಉತ್ತರ: ಮೊದಲು ಆ ‘ಪೂರ್ತಿ ಆನ್‌ಲೈನ್’ ಅಂದವರ ಮಾತು ಮುಗಿಸಿಬಿಡೋಣ. ಅಂಥದ್ದೊಂದು ಲೈಸೆನ್ಸ್ ಇಲ್ಲವೇ ಇಲ್ಲ. ಅವರು ಕೊಡುವುದು ಹೆಚ್ಚೆಂದರೆ ಕೋರ್ಸ್ ಮುಗಿಸಿದ್ದಕ್ಕೆ ಒಂದು ಕಾಗದ. ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು, ಅದನ್ನು ನಂಬಿ ಡ್ರೋನ್ ಹಾರಿಸುವಂತಿಲ್ಲ. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳ ಪ್ರಕಾರ, ವಿಮಾನಯಾನದ ಮಹಾನಿರ್ದೇಶನಾಲಯ, ಅಂದರೆ ಎಲ್ಲರೂ ಹೇಳುವ ಡಿಜಿಸಿಎ, ಮಾನ್ಯತೆ ಕೊಟ್ಟ ತರಬೇತಿ ಸಂಸ್ಥೆಯಲ್ಲೇ ಕಲಿತು ಪಾಸಾಗಬೇಕು. ನಿಜವಾದ ಡ್ರೋನನ್ನು ನಿಜವಾದ ಬಯಲಿನಲ್ಲಿ ಹಾರಿಸಿ ತೋರಿಸಬೇಕು. 2022ರ ಫೆಬ್ರವರಿಯ ತಿದ್ದುಪಡಿ ಆದಮೇಲೆ ಇದಕ್ಕೆ ಕಾಗದದ ಮೇಲೆ ‘ರಿಮೋಟ್ ಪೈಲಟ್ ಸರ್ಟಿಫಿಕೇಟ್’ ಅಂತ ಹೆಸರು. ಊರಲ್ಲಿ ಎಲ್ಲರೂ ಲೈಸೆನ್ಸ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಒಮ್ಮೆ ಪಡೆದರೆ ಹತ್ತು ವರ್ಷ ನಡೆಯುತ್ತದೆ.

ಬೆಂಗಳೂರಿನವರು ಹೇಳಿದ್ದೂ ಅರ್ಧ ಮಾತ್ರ ಸರಿ. ಹೋಗಿ ಉಳಿಯಬೇಕು ನಿಜ. ಆದರೆ ಸುಮ್ನೆ ಬಸ್ ಹತ್ತಿಸಿ ಕಳಿಸಿದರೆ ಐದು ದಿನದ ತರಬೇತಿಯಲ್ಲಿ ಮೂರು ದಿನ ಅರ್ಥವಾಗದ ಪಾಠದಲ್ಲೇ ಕಳೆದುಹೋಗುತ್ತದೆ. ನನ್ನ ಲೆಕ್ಕದಲ್ಲಿ ಈ ಕೆಲಸಕ್ಕೆ ನಾಲ್ಕು ಹಂತ ಇದೆ. ಕಾಗದಪತ್ರ ಎದುರೆದುರು ಕೂತು, ಪಾಠ ಫೋನಿನಲ್ಲಿ, ಹಾರಾಟ ಸಂಸ್ಥೆಯ ಬಯಲಿನಲ್ಲಿ, ಆಮೇಲೆ ಮತ್ತೆ ನಿಮ್ಮ ಊರಿನ ಗದ್ದೆ ತೋಟದಲ್ಲಿ. ಈ ಕೊನೆಯದನ್ನು ಯಾವ ಸಂಸ್ಥೆಯೂ ಮಾರುವುದಿಲ್ಲ. ಅದನ್ನು ನೀವೇ ಮಾಡಿಕೊಳ್ಳಬೇಕು.

ಕಾಗದಪತ್ರದ ವಿಷಯ ಮೊದಲು ಹೇಳಲು ಕಾರಣ ಇದೆ. ‘ಅರ್ಜಿ ಆನ್‌ಲೈನ್ ತಾನೇ, ಅವರವರ ಮನೆಯಲ್ಲೇ ಹಾಕಿಕೊಳ್ಳಲಿ’ ಅಂತ ಎಲ್ಲ ಸಂಘಟಕರೂ ಅಂದುಕೊಳ್ಳುತ್ತಾರೆ. ಮಲೆನಾಡಿನಲ್ಲಿ ಜನ ಸಿಕ್ಕಿಬೀಳುವುದು ಇಲ್ಲೇ. ಹತ್ತನೇ ತರಗತಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಎರಡು ಇನಿಶಿಯಲ್ ಇರುತ್ತದೆ. ಆಧಾರ್‌ನಲ್ಲಿ ಇನಿಶಿಯಲ್ ಬಿಡಿಸಿ ಅಪ್ಪನ ಪೂರ್ತಿ ಹೆಸರು, ಅದೂ ತಪ್ಪು ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು. ಮೂರು ಕಾಗದ, ಮೂರು ಹೆಸರು, ಮನುಷ್ಯರು ಒಬ್ಬರೇ. ಕಂಪ್ಯೂಟರಿಗೆ ಇದು ಗೊತ್ತಾಗುವುದಿಲ್ಲ. ಇನ್ನು ಓಟಿಪಿ. ಆಧಾರ್‌ಗೆ ಜೋಡಿಸಿದ ನಂಬರ್ ಎಷ್ಟೋ ಮನೆಗಳಲ್ಲಿ ಬೆಂಗಳೂರಿನಲ್ಲಿರುವ ಮಗನದು. ಓಟಿಪಿ ಅಲ್ಲಿಗೆ ಹೋಗುತ್ತದೆ, ಮಗ ಮೀಟಿಂಗ್‌ನಲ್ಲಿರುತ್ತಾನೆ, ಅವನು ನೋಡಿ ವಾಪಸ್ ಫೋನ್ ಮಾಡುವಷ್ಟರಲ್ಲಿ ಹತ್ತು ನಿಮಿಷ ಮುಗಿದಿರುತ್ತದೆ. ಸ್ವಂತ ನಂಬರೇ ಆದರೂ ಮೆಸೇಜ್ ಬರುವುದು ಮನೆ ಹಿಂದಿನ ಗುಡ್ಡ ಹತ್ತಿದ ಮೇಲೆ, ಅರ್ಜಿ ತೆರೆದಿರುವುದು ಕೆಳಗಿನ ಕಂಪ್ಯೂಟರಿನಲ್ಲಿ.

ಅದಕ್ಕೇ ಒಂದು ಇಡೀ ದಿನ ಇದಕ್ಕೆ ಅಂತ ಎತ್ತಿಡಿ. ಸಂತೆ ದಿನ ಆದರೆ ಒಳ್ಳೆಯದು, ಜನ ಹೇಗೂ ಪೇಟೆಗೆ ಬಂದಿರುತ್ತಾರೆ. ನೆಟ್‌ವರ್ಕ್ ಚೆನ್ನಾಗಿರುವ ಕಡೆ, ಸೊಸೈಟಿಯ ಸಭಾಂಗಣವೋ ಗ್ರಾಮ ಒನ್ ಕೇಂದ್ರದ ಪಕ್ಕವೋ, ಎಲ್ಲರನ್ನೂ ಕೂರಿಸಿ. ಮೂಲ ದಾಖಲೆ ತರಲಿ. ಹೆಸರು ಹೊಂದದವರ ಪಟ್ಟಿ ಅವತ್ತೇ ಆಗಲಿ, ಆಧಾರ್ ತಿದ್ದುಪಡಿಗೆ ಅವತ್ತೇ ಕಳಿಸಿ. ಹೆಸರು, ಮೊಬೈಲ್ ನಂಬರ್ ಸರಿಯಾಗಲು ದಿನ ಹಿಡಿಯುತ್ತದೆ. ಹಾಗಾಗಿ ತರಬೇತಿಯ ತಾರೀಕಿಗಿಂತ ಎರಡು ತಿಂಗಳು ಮೊದಲೇ ಈ ಶಿಬಿರ ಆಗಿರಬೇಕು. ಒಂದು ಸಮಾಧಾನದ ಸಂಗತಿ: ಮೊದಲು ಪಾಸ್‌ಪೋರ್ಟ್ ಕೇಳುತ್ತಿದ್ದರು, 2023ರ ಸೆಪ್ಟೆಂಬರ್ ತಿದ್ದುಪಡಿಯಲ್ಲಿ ಅದನ್ನು ಕೈಬಿಟ್ಟರು. ಸರ್ಕಾರ ಕೊಟ್ಟ ಗುರುತಿನ ಮತ್ತು ವಿಳಾಸದ ದಾಖಲೆ ಇದ್ದರೆ ಸಾಕು.

ಅರ್ಹತೆ ಕೂಡ ಅವತ್ತೇ ನೋಡಿಬಿಡಿ. ಹತ್ತನೇ ತರಗತಿ ಪಾಸಾಗಿರಬೇಕು. ವಯಸ್ಸು 18ಕ್ಕಿಂತ ಕಡಿಮೆ ಇರಬಾರದು, 65 ದಾಟಿರಬಾರದು. ‘ಹುಡುಗರಿಗೆ ಮಾತ್ರ’ ಅನ್ನುವ ಮಾತು ಹಾಗಾಗಿ ಬೇಡ. ಐವತ್ತೈದರ ಯಜಮಾನರಿಗೆ ಕಣ್ಣು, ಕೈ ಸರಿಯಿದ್ದರೆ ಅವರೂ ಕಲಿಯಬಹುದು. ಇಪ್ಪತ್ತರ ಹುಡುಗ ಮುಂದಿನ ವರ್ಷ ಮಂಗಳೂರಿಗೋ ಬೆಂಗಳೂರಿಗೋ ಹೋಗಿಬಿಡುತ್ತಾನೆ, ಇವರು ಎಲ್ಲಿಗೂ ಹೋಗುವುದಿಲ್ಲ! ಕಂಪನಿಯ ದುಡ್ಡು ಹಾಕುವಾಗ ಇದೂ ಒಂದು ಲೆಕ್ಕ ಅಲ್ವಾ?

ಹತ್ತನೇ ತರಗತಿ ಆಗದವರನ್ನು ಮನೆಗೆ ಕಳಿಸಬೇಡಿ. ಡ್ರೋನ್ ಸಿಂಪರಣೆ ಒಬ್ಬರಿಂದ ಆಗುವ ಕೆಲಸವಲ್ಲ. ಔಷಧಿ ಕಲಸಿ ಸೋಸಿ ತುಂಬುವುದು, ಬ್ಯಾಟರಿ ಬದಲಿಸುವುದು, ತಂತಿ, ಮರ, ದನ, ಜನ ಯಾವುದೂ ಅಡ್ಡ ಬರದ ಹಾಗೆ ನೋಡಿಕೊಳ್ಳುವುದು, ಇದಕ್ಕೆಲ್ಲ ಸಹಾಯಕರು ಬೇಕು. ಅವರಿಗೆ ಪೈಲಟ್ ಲೈಸೆನ್ಸ್ ಬೇಡ, ತರಬೇತಿ ಮಾತ್ರ ಖಂಡಿತ ಬೇಕು.

ಈಗ ಪಾಠ. ನಿಯಮ, ಆಕಾಶದ ವಲಯ, ಗಾಳಿ ಮಳೆ, ಬ್ಯಾಟರಿ, ಡ್ರೋನಿನ ಭಾಗಗಳು, ತುರ್ತು ಸಂದರ್ಭ, ಔಷಧಿಯ ಸುರಕ್ಷತೆ. ಪರೀಕ್ಷೆಗೆ ಬೇಕಾದ ಅಧಿಕೃತ ಪಾಠವನ್ನು ಸಂಸ್ಥೆಯವರೇ ಮಾಡುತ್ತಾರೆ. ಆದರೆ ಅಲ್ಲಿ ಇಂಗ್ಲಿಷ್ ಹಿಂದಿ ಜಾಸ್ತಿ. ಇಲ್ಲಿಂದಲೇ ಕನ್ನಡದಲ್ಲಿ ಒಮ್ಮೆ ಕೇಳಿಕೊಂಡು ಹೋದವರಿಗೆ ಅಲ್ಲಿ ತಲೆ ತಿರುಗುವುದಿಲ್ಲ. ಆನ್‌ಲೈನ್ ನಿಜವಾಗಿ ಉಪಯೋಗಕ್ಕೆ ಬರುವುದು ಈ ಪೂರ್ವತಯಾರಿಗೆ.

ಇದಕ್ಕೆ ನೇರ ಪ್ರಸಾರದ ಕ್ಲಾಸ್ ಇಡಬೇಡಿ. ‘ಮಳೆಗಾಲದಲ್ಲಿ ಜನ ಮನೆಯಲ್ಲೇ ಇರ್ತಾರೆ, ಸಂಜೆ ಏಳಕ್ಕೆ ಕ್ಲಾಸ್ ಇಡೋಣ’ ಅನ್ನುವ ಯೋಜನೆ ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಜುಲೈ ತಿಂಗಳ ನಮ್ಮ ಕಡೆಯ ಸಂಜೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಎಲ್ಲೋ ಮರ ಬಿದ್ದು ಕರೆಂಟ್ ಹೋಗುತ್ತದೆ. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್ ಕೂಡ ಸುಮ್ಮನಾಗುತ್ತದೆ. ಫೋನಿನ ಚಾರ್ಜ್ ಮುಗಿಯುತ್ತದೆ. ಹದಿನೈದು ಜನರಲ್ಲಿ ನಾಲ್ಕು ಮಂದಿ ಕ್ಲಾಸಿನಲ್ಲಿ ಉಳಿದರೆ ಅದೇ ದೊಡ್ಡದು. ಸಿಗದವರು ‘ಇದು ನಮಗಲ್ಲ’ ಅಂತ ಕೈಬಿಡುತ್ತಾರೆ.

ಅದರ ಬದಲು ಧ್ವನಿ ಮುದ್ರಿಸಿ ಕೊಡಿ. ಒಂದೊಂದು ಪಾಠ ಐದಾರು ನಿಮಿಷ, ಒಂದು ಪಾಠಕ್ಕೆ ಒಂದೇ ವಿಷಯ. ಧ್ವನಿಯ ಫೈಲ್ ಚಿಕ್ಕದು, ಪೇಟೆಗೆ ಬಂದಾಗ ವಾಟ್ಸಾಪ್‌ನಲ್ಲಿ ಇಳಿಸಿಕೊಂಡರೆ ಆಯಿತು. ಅದೂ ಆಗದವರಿಗೆ ಕಾಗದಪತ್ರದ ಶಿಬಿರದ ದಿನವೇ ಮೆಮೊರಿ ಕಾರ್ಡಿಗೆ ತುಂಬಿಕೊಡಿ. ಸುಲಿಮನೆಯಲ್ಲಿ ಅಡಿಕೆ ಸುಲಿಯುತ್ತಾ ಕೇಳಬಹುದು, ಕೊಟ್ಟಿಗೆ ಕೆಲಸ ಮಾಡುತ್ತಾ ಕೇಳಬಹುದು. ಮಹಿಳೆಯರಿಗೆ ಇದು ಬಹಳ ಹೊಂದುತ್ತದೆ, ಸಂಜೆ ಏಳು ಗಂಟೆಗೆ ಅವರಿಗೆ ಎಲ್ಲಿ ಬಿಡುವು?

ಬ್ಯಾಟರಿಯ ಪಾಠ ಒಂದನ್ನು ನಾನಾದರೆ ಹೀಗೆ ಹೇಳುತ್ತೇನೆ: ‘ಹಾರಿಸಿ ಇಳಿಸಿದ ಬ್ಯಾಟರಿ ಮುಟ್ಟಿ ನೋಡಿ. ಬಿಸಿ ಇದೆಯಾ? ಹಾಗಿದ್ದರೆ ಚಾರ್ಜಿಗೆ ಹಾಕಬೇಡಿ, ನೆರಳಿನಲ್ಲಿಟ್ಟು ತಣಿಯಲು ಬಿಡಿ. ಅದರ ಮೈ ಉಬ್ಬಿದೆಯಾ? ಹಾಗಿದ್ದರೆ ಅದರ ಕೆಲಸ ಮುಗಿಯಿತು, ಮತ್ತೆ ಡ್ರೋನಿಗೆ ಹಾಕಬೇಡಿ. ಚಾರ್ಜ್ ಆಗುವಾಗ ಬಿಟ್ಟು ಹೋಗಬೇಡಿ. ಒಣಹುಲ್ಲಿನ ಅಟ್ಟದ ಕೆಳಗೆ, ಗೋಣಿಚೀಲದ ಪಕ್ಕ ಚಾರ್ಜಿಗೆ ಇಡಲೇಬೇಡಿ. ಇದಕ್ಕೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ.’ ಇಷ್ಟೇ ಪಾಠ. ಕೊನೆಗೆ ಒಂದು ಪ್ರಶ್ನೆ, ಅದಕ್ಕೆ ಉತ್ತರವನ್ನು ಅವರೇ ಧ್ವನಿಯಲ್ಲಿ ಕಳಿಸಲಿ. ಟೈಪ್ ಮಾಡಲು ಹೇಳಿದರೆ ಅರ್ಧ ಜನ ಉತ್ತರವನ್ನೇ ಕಳಿಸುವುದಿಲ್ಲ.

ಒಂದು ಪಾಠಕ್ಕೆ ಮಾತ್ರ ಪರದೆ ಬೇಕೇ ಬೇಕು, ನಕ್ಷೆಗೆ. ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ವೆಬ್‌ಸೈಟಿನ ನಕ್ಷೆಯಲ್ಲಿ ದೇಶವನ್ನು ಹಸಿರು, ಹಳದಿ, ಕೆಂಪು ವಲಯ ಮಾಡಿದ್ದಾರೆ. ಹಸಿರಿನಲ್ಲಿ 400 ಅಡಿ ಎತ್ತರದವರೆಗೆ ಪ್ರತ್ಯೇಕ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ ಈ ಮಿತಿ 200 ಅಡಿ. ಅದಕ್ಕಿಂತ ಹತ್ತಿರ ಬಂದರೆ ಅನುಮತಿ ಪಡೆಯಬೇಕು. 2023ರ ಫೆಬ್ರವರಿ 27ರಂದು ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಇದು ನಮ್ಮ ಜಿಲ್ಲೆಯವರಿಗೂ ತಲೆಬಿಸಿಯ ವಿಷಯ. ಸಿಂಪರಣೆ ಡ್ರೋನ್ ಬೆಳೆಯ ಮೇಲೆ ಕೆಲವೇ ಅಡಿ ಎತ್ತರದಲ್ಲಿ ಹಾರುವುದು, ಎತ್ತರದ ಮಿತಿ ದಾಟುವ ಭಯ ಇಲ್ಲ. ಆದರೆ ನಿಮ್ಮ ಹುಡುಗ ಶಿವಮೊಗ್ಗದ ಸುತ್ತಮುತ್ತ ಯಾರದೋ ಗದ್ದೆಗೆ ಬಾಡಿಗೆಗೆ ಹೋದರೆ ಆ ಗದ್ದೆ ಯಾವ ಬಣ್ಣದಲ್ಲಿದೆ ಅಂತ ಅವನಿಗೆ ಗೊತ್ತಿರಬೇಕು. ನಿಮ್ಮ ತಾಲ್ಲೂಕಿನಲ್ಲೇ ಮಾಣಿ ಅಣೆಕಟ್ಟಿದೆ. ಅಣೆಕಟ್ಟು, ವಿದ್ಯುದಾಗಾರಗಳ ಸುತ್ತ ನಕ್ಷೆ ಏನು ತೋರಿಸುತ್ತದೆ ಅಂತ ನೋಡದೆ ಡ್ರೋನ್ ಮೇಲೆತ್ತಬಾರದು. ಅಭಯಾರಣ್ಯದ ಅಂಚಿನ ಜಮೀನಾದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಮುಂದುವರಿಯಿರಿ. ನಕ್ಷೆ ಬದಲಾಗುತ್ತಿರುತ್ತದೆ. ಹಾಗಾಗಿ ಈ ಪಾಠವನ್ನು ಬಾಯಿಪಾಠ ಮಾಡಿಸುವುದು ಬೇಡ. ಒಬ್ಬೊಬ್ಬರ ಕೈಗೂ ಫೋನ್ ಕೊಟ್ಟು ಅವರವರ ಸರ್ವೆ ನಂಬರಿನ ಜಾಗ ಹುಡುಕಿಸಿ.

ಫೋನಿಗೂ ಬಯಲಿಗೂ ನಡುವೆ ಇನ್ನೊಂದು ಮೆಟ್ಟಿಲಿದೆ. ಹೆಚ್ಚಿನವರು ಅದನ್ನು ಹಾರಿಬಿಡುತ್ತಾರೆ. ಅದು ಸಿಮ್ಯುಲೇಟರ್, ಅಂದರೆ ಲ್ಯಾಪ್‌ಟಾಪಿಗೆ ಒಂದು ರಿಮೋಟ್ ಸಿಕ್ಕಿಸಿ ಪರದೆಯ ಮೇಲಿನ ಡ್ರೋನ್ ಹಾರಿಸುವುದು. ಸಂಸ್ಥೆಯ ತರಬೇತಿಯಲ್ಲೂ ಇದು ಇದೆ, ಆದರೆ ಅಲ್ಲಿ ಪಾಳಿ ಬರುವುದು ಸ್ವಲ್ಪ ಹೊತ್ತು. ಕಂಪನಿ ಆಫೀಸಿನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಒಂದು ರಿಮೋಟ್ ಇಟ್ಟುಬಿಡಿ. ಸಾಫ್ಟ್‌ವೇರ್ ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡದ ಸಿಮ್ಯುಲೇಟರ್‌ಗಳಿವೆ. ಡ್ರೋನಿನ ಮೂತಿ ಅತ್ತ ಇದ್ದಾಗ ಎಲ್ಲ ಸಲೀಸು. ಕಡ್ಡಿಯನ್ನು ಎಡಕ್ಕೆ ಒತ್ತಿದರೆ ಎಡಕ್ಕೆ ಹೋಗುತ್ತದೆ. ಅದು ತಿರುಗಿ ನಿಮ್ಮ ಕಡೆ ಮೂತಿ ಮಾಡಿ ಬರುವಾಗ ಎಡಕ್ಕೆ ಒತ್ತಿದರೆ ನಿಮ್ಮ ಬಲಕ್ಕೆ ಹೋಗುತ್ತದೆ. ಗಾಬರಿಯಲ್ಲಿ ಇನ್ನೂ ಜೋರಾಗಿ ಒತ್ತುತ್ತಾರೆ, ಅದು ಇನ್ನೂ ದೂರ ಹೋಗಿ ತೆಂಗಿನ ಮರಕ್ಕೆ ಬಡಿಯುತ್ತದೆ. ಪರದೆಯ ಮೇಲೆ ನೂರು ಸಲ ಬಡಿದರೂ ನಷ್ಟ ಇಲ್ಲ. ಹೊಸಬರು ಕೈ ಪಳಗುವ ತನಕ ಇದೊಂದನ್ನೇ ಅಭ್ಯಾಸ ಮಾಡಲಿ, ಉಳಿದದ್ದು ಬೇಗ ಬರುತ್ತದೆ.

ಹಾರಾಟದ ತರಬೇತಿ ಮಾತ್ರ ಫೋನಿನಲ್ಲಿ ಬರುವುದಲ್ಲ. ಅಡಿಕೆ ಮರ ಹತ್ತುವುದನ್ನು ವಿಡಿಯೋ ನೋಡಿ ಕಲಿತ ಕೊನೆಗೌಡ ಎಲ್ಲಿದ್ದಾನೆ? ಸಣ್ಣ ವರ್ಗದ, ಅಂದರೆ 25 ಕಿಲೋವರೆಗಿನ, ಡ್ರೋನಿಗೆ ಸಾಮಾನ್ಯವಾಗಿ ಐದು ದಿನ ಇಟ್ಟುಕೊಳ್ಳುತ್ತಾರೆ. ಪಾಠ, ಸಿಮ್ಯುಲೇಟರ್, ಹಾರಾಟ, ಪರೀಕ್ಷೆ ಎಲ್ಲ ಅದರೊಳಗೆ ಬರುತ್ತದೆ. ಇದು ಹಾರಿಸುವ ಲೈಸೆನ್ಸ್ ಮಾತ್ರ, ಔಷಧಿ ಹೊಡೆಯುವ ಕಲೆ ಬೇರೆ. ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಿಸುವ ಕೇಂದ್ರದ ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ ಮಹಿಳೆಯರಿಗೆ 15 ದಿನ ಇಟ್ಟಿದ್ದು ಅದಕ್ಕೇ. ಐದು ದಿನ ಪೈಲಟ್ ತರಬೇತಿ, ಮತ್ತೆ ಹತ್ತು ದಿನ ಗೊಬ್ಬರ ಮತ್ತು ಔಷಧಿ ಸಿಂಪರಣೆಯ ತರಬೇತಿ. ನಿಮ್ಮ ಹದಿನೈದು ಮಂದಿಗೂ ಆ ಎರಡನೆಯ ಭಾಗ ಕೇಳಿ ಪಡೆಯಿರಿ. ಐದು ದಿನದ್ದು ಮಾತ್ರ ಅಗ್ಗಕ್ಕೆ ಸಿಗುತ್ತದೆ ಅಂತ ಅಲ್ಲಿಗೇ ನಿಲ್ಲಿಸಬೇಡಿ.

ಸೇರುವ ಮೊದಲು ಸಂಸ್ಥೆಯ ಹೆಸರು ಡಿಜಿಸಿಎ ವೆಬ್‌ಸೈಟಿನ ಪಟ್ಟಿಯಲ್ಲಿದೆಯೇ ಅಂತ ನೀವೇ ನೋಡಿ, ಅವರು ಕಳಿಸಿದ ಫೋಟೋ ನಂಬಬೇಡಿ. ‘ನಿಮ್ಮೂರಿಗೇ ಬಂದು ಕಲಿಸುತ್ತೇವೆ’ ಅಂದರೆ ಆ ಜಾಗಕ್ಕೂ ಅವರ ಮಾನ್ಯತೆ ಇದೆಯೇ ಅಂತ ಬರವಣಿಗೆಯಲ್ಲಿ ಕೇಳಿ. ಲೈಸೆನ್ಸ್ ಯಾವ ವರ್ಗದ್ದು ಅನ್ನುವುದೂ ಮುಖ್ಯ. 2 ಕಿಲೋ ಮೇಲೆ 25 ಕಿಲೋವರೆಗೆ ಸಣ್ಣ ವರ್ಗ, 25ರಿಂದ 150 ಕಿಲೋ ಮಧ್ಯಮ ವರ್ಗ. ಈ ತೂಕ ಔಷಧಿ, ಬ್ಯಾಟರಿ ಎಲ್ಲ ಸೇರಿಸಿ. ಹತ್ತು ಲೀಟರ್ ಟ್ಯಾಂಕಿನ ಕೃಷಿ ಡ್ರೋನ್‌ಗಳನ್ನು ಹೆಚ್ಚಾಗಿ 25 ಕಿಲೋ ಒಳಗೇ ಬರುವ ಹಾಗೆ ಮಾಡಿರುತ್ತಾರೆ. ಸಣ್ಣ ವರ್ಗದ ಲೈಸೆನ್ಸ್ ಮಾಡಿಸಿಕೊಂಡು ಆಮೇಲೆ ‘ದೊಡ್ಡದೇ ಇರಲಿ’ ಅಂತ ದೊಡ್ಡ ಟ್ಯಾಂಕಿನದು ತಂದರೆ ಹಾರಿಸುವವರು ಯಾರು?

ಕಾಲ ಗೊತ್ತು ಮಾಡುವಾಗ ತೋಟದ ಕೆಲಸ ನೋಡಿ ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಗಾಳಿ. ಆಮೇಲೆ ಅಡಿಕೆ ಕೊನೆಯ, ಅಂದರೆ ಗೊನೆಯ, ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ನಡುವೆ ಗದ್ದೆ ಕೊಯ್ಲು. ಇದೆಲ್ಲ ಒಂದು ಹಂತಕ್ಕೆ ಬರುವುದು ಫೆಬ್ರವರಿ ಹೊತ್ತಿಗೆ. ಫೆಬ್ರವರಿ ಕೊನೆಯಿಂದ ಮೇ ಮೊದಲ ವಾರದ ತನಕ ನಿಮಗೆ ಸಿಗುವ ಸಮಯ. ಮದುವೆ, ಜಾತ್ರೆಗಳೂ ಆಗಲೇ ಬರುತ್ತವೆ, ಏನು ಮಾಡುವುದು! ಹದಿನೈದು ಜನರನ್ನೂ ಒಟ್ಟಿಗೆ ಕಳಿಸಬೇಡಿ. ಐದೈದು ಜನ ಹೋಗಲಿ. ಮೊದಲ ತಂಡದವರು ಬಂದು ಎರಡನೆಯವರಿಗೆ ಹೇಳುವುದಿದೆಯಲ್ಲ, ಅದು ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಐದು ಮಂದಿ ಮಹಿಳೆಯರನ್ನು ಒಂದೇ ತಂಡದಲ್ಲಿ ಕಳಿಸಿ, ಹಂಚಬೇಡಿ. ಉಳಿಯುವ ಜಾಗ, ಶೌಚಾಲಯ, ಸಂಜೆ ಬಯಲಿನಿಂದ ವಾಪಸ್ ಬರುವ ವಾಹನ ಇದನ್ನೆಲ್ಲ ಕಂಪನಿಯ ಇಬ್ಬರು ಹೋಗಿ ಕಣ್ಣಾರೆ ನೋಡಿ ಬರಲಿ. ಮನೆಯವರು ‘ಬೇಡ’ ಅನ್ನುವುದು ಡ್ರೋನಿಗಲ್ಲ, ಹೆಚ್ಚಾಗಿ ಈ ವಿಷಯಗಳಿಗೆ. ಹಾಲು ಕರೆಯುವವರು ಯಾರು ಅನ್ನುವುದೂ ನಿಜವಾದ ಪ್ರಶ್ನೆಯೇ. ಅಷ್ಟೂ ದಿನಕ್ಕೆ ಪಕ್ಕದ ಮನೆಯವರ ಜೊತೆ ಏರ್ಪಾಟು ಮಾಡಿಕೊಳ್ಳುವಷ್ಟು ಮೊದಲೇ ತಾರೀಕು ಹೇಳಿಬಿಡಿ.

ಲೈಸೆನ್ಸ್ ಕೈಗೆ ಬಂದ ಮೇಲೆ ಇರುವ ಕೆಲಸವೇ ಜಾಸ್ತಿ. ತರಬೇತಿ ಆಗುವುದು ಸಮತಟ್ಟು ಬಯಲಿನಲ್ಲಿ. ನಿಮ್ಮ ತೋಟ ಇರುವುದು ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ. ಅಡಿಕೆ ಮರ ಐವತ್ತು ಅರವತ್ತು ಅಡಿ, ಅದರ ಪಕ್ಕ ಸೊಪ್ಪಿನ ಬೆಟ್ಟದ ಮರ ಇನ್ನೂ ಎತ್ತರ, ನಡುವೆ ಎಲ್ಲೋ ಪಂಪ್‌ಸೆಟ್ಟಿನ ಕರೆಂಟ್ ತಂತಿ. ಡ್ರೋನ್ ಸದಾ ಪೈಲಟ್ ಕಣ್ಣಿಗೆ ಕಾಣುತ್ತಿರಬೇಕು ಅನ್ನುವುದು ಮೂಲ ನಿಯಮ. ತೋಟದ ಒಳಗೆ ನಿಂತರೆ ತಲೆ ಮೇಲಿನ ಹೆಡಲು, ಅಂದರೆ ಅಡಿಕೆಯ ಸೋಗೆ, ಬಿಟ್ಟು ಏನೂ ಕಾಣುವುದಿಲ್ಲ. ಹಾಗಾಗಿ ಪ್ರತಿ ತೋಟಕ್ಕೂ ನಿಲ್ಲುವ ಜಾಗ ಮೊದಲೇ ಹುಡುಕಬೇಕು. ಸಾಮಾನ್ಯವಾಗಿ ಬೆಟ್ಟದ ಅಂಚಿನ ಒಂದು ದಿಬ್ಬ ಅದಕ್ಕೆ ಸಿಗುತ್ತದೆ. ಕಣಿವೆಯ ತಳದಲ್ಲಿ ಉಪಗ್ರಹದ ಸಿಗ್ನಲ್ ಕೂಡ ಬಯಲಿನಷ್ಟು ಗಟ್ಟಿ ಇರುವುದಿಲ್ಲ. ಮೊದಲ ಕೆಲವು ವಾರ ಟ್ಯಾಂಕಿಗೆ ಬರೀ ನೀರು ತುಂಬಿ ಗದ್ದೆಯ ಮೇಲೆ ಹಾರಿಸಿ, ಆಮೇಲೆ ತೋಟ.

ಇನ್ನು ನಿಮ್ಮ ಸದಸ್ಯರಿಗೆ ಬೇಸರವಾಗಬಹುದಾದ ಒಂದು ಮಾತು. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಡ್ರೋನ್ ಮೇಲೆ ಪೂರ್ತಿ ಭರವಸೆ ಇಡಬೇಡಿ. ಎಲೆಚುಕ್ಕಿ ರೋಗಕ್ಕೆ ಎಲೆ ನೆನೆಯಬೇಕು, ಕೊಳೆಗೆ ಕೊನೆ ನೆನೆಯಬೇಕು. ಕೊನೆ ಇರುವುದು ಹೆಡಲುಗಳ ಕೆಳಗೆ, ಡ್ರೋನ್ ಹಾರುವುದು ಹೆಡಲುಗಳ ಮೇಲೆ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಲಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತೀರಲ್ಲ, ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಹಾಕುತ್ತೀರಿ. ಅದನ್ನು ಕೊನೆ ತೊಯ್ಯುವ ತನಕ ಹೊಡೆಯಬೇಕು. ಡ್ರೋನ್ ಕೆಲಸ ಮಾಡುವುದು ಎಕರೆಗೆ ಹತ್ತು ಲೀಟರ್ ಆಸುಪಾಸಿನಲ್ಲಿ, ಸಣ್ಣ ಹನಿಗಳಲ್ಲಿ. ಸುಣ್ಣದ ಗಸಿ ಅದರ ನಾಝಲ್ ಕಟ್ಟಿಸುತ್ತದೆ. ‘ಹಾಗಾದರೆ ದಪ್ಪಗೆ ಕಲಸಿ ಹಾಕೋಣ’ ಅನ್ನುವವರು ಊರಿಗೊಬ್ಬರು ಇದ್ದೇ ಇರುತ್ತಾರೆ, ಅವರ ಮಾತು ಕೇಳಬೇಡಿ. ಕೊಳೆಗೆ ಸದ್ಯ ಕೊನೆಗೌಡರು, ಫೈಬರ್ ದೋಟಿ, ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುವುದು ಇವೇ ನಂಬಿಕೆಯ ದಾರಿ ಅನ್ನುವುದು ನನ್ನ ಅಭಿಪ್ರಾಯ.

ಎಲೆಚುಕ್ಕಿಗೂ ಕೈಗೆ ಸಿಕ್ಕ ಔಷಧಿ ಹಾಕುವಂತಿಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 477 ಔಷಧಿಗಳನ್ನು ಡ್ರೋನ್‌ನಲ್ಲಿ ಬಳಸಲು ಎರಡು ವರ್ಷದ ಮಟ್ಟಿಗೆ ಒಪ್ಪಿತ್ತು. ಈಗ ಯಾವುದಕ್ಕೆ ಒಪ್ಪಿಗೆ ಇದೆ, ಪ್ರಮಾಣ ಎಷ್ಟು ಅಂತ ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲೋ ಕೇಳಿಕೊಂಡು ಹೊಡೆಯಿರಿ. ಜೇನು ಸಾಕುವವರಿಗೆ, ಪಕ್ಕದ ತೋಟದವರಿಗೆ, ಕೆಳಗಿನ ಹಳ್ಳದ ನೀರು ಬಳಸುವವರಿಗೆ ಹಿಂದಿನ ದಿನವೇ ತಿಳಿಸಿ.

ಹಾಗಾದರೆ ದುಡಿಮೆ ಎಲ್ಲಿ? ಗದ್ದೆಯಲ್ಲಿ, ಶುಂಠಿಯಲ್ಲಿ, ಜೋಳದಲ್ಲಿ. ಶಿಕಾರಿಪುರ ಸೊರಬ ಕಡೆಯ ಮೆಕ್ಕೆಜೋಳ, ಭದ್ರಾ ಅಚ್ಚುಕಟ್ಟಿನ ಭತ್ತ. ಅಲ್ಲಿ ನೆಲ ಸಮತಟ್ಟು, ಬೆಳೆ ಒಂದೇ ಎತ್ತರ. ನಿಮ್ಮ ಪೈಲಟ್‌ಗಳ ಹೊಟ್ಟೆಪಾಡು ಮೊದಲ ವರ್ಷ ಅಲ್ಲಿಯ ಬಾಡಿಗೆಯ ಮೇಲೆ ನಿಲ್ಲುತ್ತದೆ. ಇದನ್ನು ಶಿಬಿರದ ಮೊದಲ ದಿನವೇ ಹೇಳಿಬಿಡಿ, ಮನೆ ಬಿಟ್ಟು ಹೋಗಲಾಗದವರು ಸಹಾಯಕರಾಗುವುದೇ ಒಳ್ಳೆಯದು.

ಅಂಗಡಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಡ್ರೋನ್ ಲೈಸೆನ್ಸಿಗೂ ಔಷಧಿ ಮಾರುವ ಲೈಸೆನ್ಸಿಗೂ ಸಂಬಂಧವೇ ಇಲ್ಲ. ಮಾರಾಟಕ್ಕೆ 1968ರ ಕೀಟನಾಶಕ ಕಾಯ್ದೆಯಡಿ ಕೃಷಿ ಇಲಾಖೆಯಿಂದ ಪರವಾನಗಿ ಬೇಕು. ಅದಕ್ಕೆ ಕೃಷಿ ಅಥವಾ ವಿಜ್ಞಾನದ ನಿಗದಿತ ವಿದ್ಯಾರ್ಹತೆ ನಿಮಗಿರಬೇಕು, ಇಲ್ಲವೇ ಅದು ಇರುವವರನ್ನು ನೇಮಿಸಿಕೊಂಡಿರಬೇಕು. ಅಂಗಡಿ ಇಟ್ಟವರಿಗಾಗಿಯೇ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ‘ದೇಸಿ’ ಅನ್ನುವ ಒಂದು ವರ್ಷದ ಡಿಪ್ಲೊಮಾ ಶುರುಮಾಡಿತು. ಒಟ್ಟು 48 ವಾರ, 40 ತರಗತಿ, 8 ಕ್ಷೇತ್ರ ಭೇಟಿ, ವಾರಕ್ಕೊಂದು ದಿನ, ಅದೂ ಭಾನುವಾರವೋ ಅಂಗಡಿಗೆ ರಜೆ ಇರುವ ದಿನವೋ. ದುಡಿಯುವವರ ವಾರ ನೋಡಿ ಮಾಡಿದ ಆ ಕೋರ್ಸಿನ ಏರ್ಪಾಟು ನನಗೆ ಬಹಳ ಹಿಡಿಸುತ್ತದೆ. ಕಂಪನಿಗೆ ಸದ್ಯಕ್ಕೆ ಸುಲಭದ ದಾರಿ ಅಂದರೆ ಊರಿನಲ್ಲೇ ಇರುವ ಒಬ್ಬ ಕೃಷಿ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು. ಯಾವ ವಿದ್ಯಾರ್ಹತೆ ಈಗ ನಡೆಯುತ್ತದೆ ಅಂತ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿ.

ದುಡ್ಡಿನ ಮಾತು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕೃಷಿ ಯಾಂತ್ರೀಕರಣದ ಕೇಂದ್ರ ಯೋಜನೆಯಲ್ಲಿ ಬಾಡಿಗೆ ಕೇಂದ್ರ ನಡೆಸುವ ರೈತ ಉತ್ಪಾದಕ ಸಂಸ್ಥೆಗೆ ಡ್ರೋನ್ ಬೆಲೆಯ ಶೇಕಡಾ 40, ಗರಿಷ್ಠ 4 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದಾರೆ. ಡ್ರೋನ್ ದೀದಿಯಲ್ಲಿ ಸ್ವಸಹಾಯ ಸಂಘಕ್ಕೆ ಶೇಕಡಾ 80, ಗರಿಷ್ಠ 8 ಲಕ್ಷ. ಆ ಯೋಜನೆಯನ್ನು 2023-24ರಿಂದ 2025-26ರ ಅವಧಿಗೆ ಮಾಡಿದ್ದು, ಹಾಗಾಗಿ ಈಗಿನ ಸ್ಥಿತಿ ಏನು ಅಂತ ತಾಲ್ಲೂಕು ಪಂಚಾಯಿತಿಯಲ್ಲಿ ಸ್ವಸಹಾಯ ಸಂಘಗಳನ್ನು ನೋಡಿಕೊಳ್ಳುವ ಸಂಜೀವಿನಿ ಸಿಬ್ಬಂದಿಯನ್ನು ವಿಚಾರಿಸಿ. ಡ್ರೋನಿಗೆ ಡಿಜಿಸಿಎ ಕೊಡುವ ನೋಂದಣಿ ಸಂಖ್ಯೆ, ಮಾದರಿಯ ಪ್ರಮಾಣಪತ್ರ (ಟೈಪ್ ಸರ್ಟಿಫಿಕೇಟ್), ಮೂರನೆಯವರ ವಿಮೆ (ಥರ್ಡ್ ಪಾರ್ಟಿ ಇನ್ಶೂರೆನ್ಸ್) ಮೂರೂ ಕಡ್ಡಾಯ. ವರ್ಷದ ಖರ್ಚಿನಲ್ಲಿ ವಿಮೆ ಮತ್ತು ಹೊಸ ಬ್ಯಾಟರಿ ಸೇರಿಸಿಕೊಂಡೇ ಬಾಡಿಗೆ ದರ ಕಟ್ಟಿ. ಮತ್ತೆ ಮೊದಲ ತಂಡದಲ್ಲಿ ಕೊನೇಪಕ್ಷ ಇಬ್ಬರು ಪಾಸಾಗುವ ತನಕ ಡ್ರೋನಿಗೆ ಮುಂಗಡ ಕೊಡಬೇಡಿ. ಮಾರುವವರು ‘ಈ ತಿಂಗಳೇ ಆಫರ್ ಕೊನೆ’ ಅನ್ನುತ್ತಾರೆ. ಮುಂದಿನ ತಿಂಗಳೂ ಹಾಗೇ ಅನ್ನುತ್ತಾರೆ.